ಎಂಟು ಹನ್ನೆರಡಕ್ಕೆ ಬಂದ ಟೂತ್‌ಪೇಸ್ಟ್

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಕೇಳಲು ಬಂದವರೊಬ್ಬರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಕೆಮ್ಮಿದ್ದು, ತಡವರಿಸಿದ್ದು ಬಿಟ್ಟು ಉಳಿದದ್ದನ್ನು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೂಟದವರು ನನಗೆ ಕೊಟ್ಟ ವಿಷಯ ಟೆಲಿವಿಷನ್ ನಡೆದು ಬಂದ ದಾರಿ. ಅಷ್ಟುದ್ದ ದಾರಿ ನಡೆಸಿದರೆ ನಿಮಗೂ ಕಾಲು ನೋವು, ನನಗೂ ಕಾಲು ನೋವು. ಅದಕ್ಕೇ ಒಂದೇ ಒಂದು ಸಂಜೆ ಆರಿಸಿಕೊಂಡು ಬಂದಿದ್ದೇನೆ. 1955ರ ಸೆಪ್ಟೆಂಬರ್ 22, ಗುರುವಾರ. ಊರು ಲಂಡನ್. ಏಳೂಕಾಲಕ್ಕೆ ಶುರು, ರಾತ್ರಿ ಹನ್ನೊಂದರ ಹೊತ್ತಿಗೆ ಮುಕ್ತಾಯ. ಬ್ರಿಟನ್ನಿನ ಟಿವಿಯಲ್ಲಿ ಮೊಟ್ಟಮೊದಲ ಸಲ ಜಾಹೀರಾತು ಬಂದ ರಾತ್ರಿ ಅದು. ಐಟಿವಿ ಅನ್ನುವ ಹೊಸ ಚಾನೆಲ್ ಹುಟ್ಟಿದ ರಾತ್ರಿ.

ಜಾಹೀರಾತು ಬಂದರೆ ಅದರಲ್ಲೇನು ಮಹಾ ಅಂತ ನಿಮಗೆ ಅನ್ನಿಸಬಹುದು. ನಾವಂತೂ ಜಾಹೀರಾತುಗಳ ಸಂದಿಯಲ್ಲಿ ಧಾರಾವಾಹಿ ನೋಡುವ ಜನ. ಆದರೆ ಅಲ್ಲಿ ಈ ಒಂದು ವಿಷಯಕ್ಕೆ ವರ್ಷಗಟ್ಟಲೆ ಜಗಳ ಆಗಿತ್ತು. ಪಾರ್ಲಿಮೆಂಟಿನಲ್ಲಿ, ಪತ್ರಿಕೆಗಳಲ್ಲಿ, ಚರ್ಚಿನಲ್ಲಿ ಕೂಡ. ಆ ಜಗಳ ಗೊತ್ತಿಲ್ಲದೆ ಆ ರಾತ್ರಿಯ ತಮಾಷೆ ಅರ್ಥ ಆಗುವುದಿಲ್ಲ.

ಮೊದಲು ಅವತ್ತಿನ ಟಿವಿ ಹೇಗಿತ್ತು ನೋಡೋಣ. ಬಿಬಿಸಿ ಟೆಲಿವಿಷನ್ ಶುರು ಆಗಿದ್ದು 1936ರ ನವೆಂಬರ್ 2ಕ್ಕೆ, ಲಂಡನ್‌ನ ಅಲೆಕ್ಸಾಂಡ್ರಾ ಪ್ಯಾಲೇಸ್ ಕಟ್ಟಡದಿಂದ. ಯುದ್ಧ ಬಂತು. 1939ರ ಸೆಪ್ಟೆಂಬರ್ 1ಕ್ಕೆ ಬಾಗಿಲು ಹಾಕಿದರು. ಮತ್ತೆ ತೆಗೆದದ್ದು 1946ರ ಜೂನ್ 7ಕ್ಕೆ. ಆಮೇಲೆ ಒಂಬತ್ತು ವರ್ಷ ಒಂದೇ ಚಾನೆಲ್. ವರ್ಷಕ್ಕೆ 2 ಪೌಂಡ್, 1954ರಿಂದ 3 ಪೌಂಡ್ ಲೈಸೆನ್ಸ್ ಕಟ್ಟಬೇಕು. ನಮ್ಮಲ್ಲೂ ರೇಡಿಯೋಗೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟುತ್ತಿದ್ದರು, ನೆನಪಿರಬೇಕು ಹಿರಿಯರಿಗೆ. ಅದೇ ಥರ. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕವನ್ನು ಟಿವಿಯಲ್ಲಿ ತೋರಿಸಿದ ಮೇಲೆ ಸೆಟ್ಟುಗಳ ಮಾರಾಟಕ್ಕೆ ಜೋರು ಹತ್ತಿತು. 1955ರ ಹೊತ್ತಿಗೆ ಸುಮಾರು 45 ಲಕ್ಷ ಲೈಸೆನ್ಸುಗಳಿದ್ದವು.

ಸೆಟ್ಟು ಅಂದರೆ ಈಗಿನದ್ದಲ್ಲ. ಆ ಕಾಲದಲ್ಲಿ ಬುಷ್ ಕಂಪನಿಯ ಟಿವಿ22 ಅಂತ ಒಂದು ಮಾಡೆಲ್ ತುಂಬಾ ಮನೆಗಳಲ್ಲಿ ಇತ್ತು. ಕಂದು ಬೇಕಲೈಟಿನ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಡಬ್ಬ, ದುಂಡಗಿನ ಭುಜ, ಮುಂದೆ ಒಂಬತ್ತು ಇಂಚಿನ ಪರದೆ. ಒಂಬತ್ತು ಇಂಚು ಅಂದರೆ ನಮ್ಮ ಮನೆಯ ಉಪ್ಪಿಟ್ಟಿನ ತಟ್ಟೆಗಿಂತ ಚಿಕ್ಕದು. ಅದರ ಮುಂದೆ ಮನೆಮಂದಿ, ಪಕ್ಕದ ಮನೆಮಂದಿ, ಎಲ್ಲ ಕೂತುಕೊಳ್ಳಬೇಕು. ಚಿತ್ರ ದೊಡ್ಡದು ಮಾಡಲು ಕೆಲವರು ಪರದೆಯ ಮುಂದೆ ಭೂತಕನ್ನಡಿ ತಗುಲಿಸುತ್ತಿದ್ದರು. ಸ್ವಿಚ್ ಹಾಕಿದ ತಕ್ಷಣ ಏನೂ ಬರುವುದಿಲ್ಲ. ಒಳಗಿನ ವಾಲ್ವುಗಳು ಬಿಸಿ ಆಗಬೇಕು. ಅಷ್ಟರಲ್ಲಿ ಕಿಟಕಿಯ ಪರದೆ ಎಳೆದು ಕೋಣೆ ಕತ್ತಲೆ ಮಾಡಿಕೊಂಡು ಎಲ್ಲರೂ ಜಾಗ ಹಿಡಿಯುತ್ತಿದ್ದರು. ಚಿತ್ರದಲ್ಲಿ 405 ಗೆರೆ. ಕಪ್ಪು ಬಿಳುಪು.

ಕಾರ್ಯಕ್ರಮಗಳೆಲ್ಲ ಹೆಚ್ಚುಕಮ್ಮಿ ನೇರಪ್ರಸಾರ. ವಿಡಿಯೋ ಟೇಪ್ ಇನ್ನೂ ಬಂದಿರಲಿಲ್ಲ. ನಾಟಕ ಅಂದರೆ ಸ್ಟುಡಿಯೋದಲ್ಲಿ ಆ ಹೊತ್ತಿಗೇ ನಟರು ಆಡಬೇಕು. ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಬಿದ್ದರೆ, ಇಲ್ಲ ಏನಾದರೂ ಕೆಟ್ಟು ನಿಂತರೆ, ಒಂದು ಫಿಲ್ಮ್ ಹಾಕುತ್ತಿದ್ದರು. ಅದರಲ್ಲಿ ಪ್ರಸಿದ್ಧವಾದದ್ದು ಕುಂಬಾರನ ತಿಗರಿ. ಎರಡು ಕೈ, ತಿರುಗುವ ಮಣ್ಣು. ಮಡಕೆ ಏಳುತ್ತದೆ, ಮತ್ತೆ ಕುಗ್ಗುತ್ತದೆ, ಮತ್ತೆ ಏಳುತ್ತದೆ. ಮಡಕೆ ಮಾತ್ರ ಪೂರ್ತಿ ಆಗುವುದೇ ಇಲ್ಲ. ಜನ ಅದನ್ನೂ ಕೂತು ನೋಡುತ್ತಿದ್ದರು. ನಮ್ಮ ದೂರದರ್ಶನದ "ರುಕಾವಟ್ ಕೇ ಲಿಯೇ ಖೇದ್ ಹೈ" ಹಲಗೆಯನ್ನು ನಾವೂ ನೋಡಿಲ್ಲವೇ? ನಮಗೆ ಮಡಕೆಯ ಭಾಗ್ಯವೂ ಇರಲಿಲ್ಲ.

ಇನ್ನೊಂದು ವಿಚಿತ್ರ ನಿಯಮ ಇತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಸಂಜೆ ಆರರಿಂದ ಏಳರವರೆಗೆ ಟಿವಿ ಪೂರ್ತಿ ಬಂದ್. ಮಕ್ಕಳ ಕಾರ್ಯಕ್ರಮ ಮುಗಿದು, ತಾಯಂದಿರು ಮಕ್ಕಳಿಗೆ ಉಣ್ಣಿಸಿ ಮಲಗಿಸಲಿ ಅಂತ ಒಂದು ಗಂಟೆ ಪರದೆ ಖಾಲಿ. ಟಿವಿ ಓಡುತ್ತಿದ್ದರೆ ಮಕ್ಕಳು ಮಲಗುವುದಿಲ್ಲ ಅನ್ನುವುದು ಸರ್ಕಾರದವರಿಗೂ ಗೊತ್ತಿತ್ತು! 1957ರ ಫೆಬ್ರವರಿಯಲ್ಲಿ ಈ ನಿಯಮ ಹೋಯಿತು. ನಮ್ಮ ಸಂಜೆಗೆ ಅದು ಇನ್ನೂ ಇದೆ.

ಈಗ ಜಗಳಕ್ಕೆ ಬರೋಣ.

ಬಿಬಿಸಿಯನ್ನು ಕಟ್ಟಿ ಬೆಳೆಸಿದವರು ಜಾನ್ ರೀತ್. ಆರೂವರೆ ಅಡಿ ಎತ್ತರದ, ಮುಖದಲ್ಲಿ ನಗು ಕಾಣದ ಮನುಷ್ಯ. 1952ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದ್ದು ನಿಂತು ಒಂದು ಭಾಷಣ ಮಾಡಿದರು. ಅದರ ತಾತ್ಪರ್ಯ ಇಷ್ಟು: ಈ ದೇಶಕ್ಕೆ ಯಾರೋ ಕ್ರೈಸ್ತ ಧರ್ಮ ತಂದರು, ಯಾರೋ ಮುದ್ರಣ ತಂದರು, ಹಾಗೇ ಯಾರೋ ಸಿಡುಬನ್ನೂ ಪ್ಲೇಗನ್ನೂ ತಂದರು. ಈಗ ಯಾರೋ ಜಾಹೀರಾತಿನ ಪ್ರಸಾರ ತರಲು ಹೊರಟಿದ್ದಾರೆ. ಅದನ್ನು ಯಾವ ಸಾಲಿಗೆ ಸೇರಿಸಿದರು ಅಂತ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ತುಪ್ಪ ಸುರಿದದ್ದು ಒಂದು ಕೋತಿ. ನಿಜವಾಗಿಯೂ, ಕೋತಿಯ ನೆಂಟ ಚಿಂಪಾಂಜಿ. ಹೆಸರು ಜೆ. ಫ್ರೆಡ್ ಮಗ್ಸ್. ಅಮೆರಿಕದ ಎನ್‌ಬಿಸಿಯ ಬೆಳಗಿನ ಕಾರ್ಯಕ್ರಮದ ಖಾಯಂ ಪಾತ್ರಧಾರಿ ಅದು. 1953ರಲ್ಲಿ ಪಟ್ಟಾಭಿಷೇಕದ ಚಿತ್ರಗಳನ್ನು ಎನ್‌ಬಿಸಿ ತೋರಿಸಿದಾಗ ನಡುನಡುವೆ ಈ ಚಿಂಪಾಂಜಿಯೂ ಬಂತು. ಅತ್ತ ರಾಣಿಯ ತಲೆಗೆ ಕಿರೀಟ, ಇತ್ತ ಚಿಂಪಾಂಜಿಯ ಚೇಷ್ಟೆ, ಮಧ್ಯೆ ಜಾಹೀರಾತು. ಲಂಡನ್‌ನ ಪತ್ರಿಕೆಗಳು ಕೆರಳಿದವು. ಪಾರ್ಲಿಮೆಂಟಿನಲ್ಲಿ ಮಾತಾಯಿತು. ವ್ಯಾಪಾರದ ಟಿವಿ ಬೇಡ ಅನ್ನುವವರಿಗೆ ಹುಡುಕಿದರೂ ಸಿಗದ ಅಸ್ತ್ರ ತಾನಾಗಿ ಕೈಗೆ ಬಂತು.

ಆದರೂ 1954ರಲ್ಲಿ ಟೆಲಿವಿಷನ್ ಕಾಯ್ದೆ ಪಾಸಾಯಿತು. ಕೈಕಾಲು ಕಟ್ಟಿಹಾಕಿ ಪಾಸು ಮಾಡಿದರು ಅನ್ನಬೇಕು. ಕಂಪನಿಗಳು ಕಾರ್ಯಕ್ರಮ ಪ್ರಾಯೋಜಿಸುವಂತಿಲ್ಲ. ಸಮಯ ಕೊಂಡು ಜಾಹೀರಾತು ಹಾಕಬಹುದು, ಅಷ್ಟೇ. ಜಾಹೀರಾತು ಯಾವುದು, ಕಾರ್ಯಕ್ರಮ ಯಾವುದು ಅಂತ ನೋಡುವವರಿಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಗಂಟೆಗೆ ಸರಾಸರಿ ಆರು ನಿಮಿಷ. ಇದನ್ನೆಲ್ಲ ನೋಡಿಕೊಳ್ಳಲು ಒಂದು ಪ್ರಾಧಿಕಾರ. ಅದಕ್ಕೆ ಅಧ್ಯಕ್ಷರಾಗಿ ಯಾರನ್ನು ತಂದರು ಗೊತ್ತಾ? ಸರ್ ಕೆನೆತ್ ಕ್ಲಾರ್ಕ್. ಕಲಾ ಇತಿಹಾಸಕಾರ, ಒಂದು ಕಾಲಕ್ಕೆ ನ್ಯಾಷನಲ್ ಗ್ಯಾಲರಿಯ ನಿರ್ದೇಶಕ. ಸಂತೆಮಾಳಕ್ಕೆ ಮಠದ ಸ್ವಾಮಿಗಳನ್ನು ಮೇಲ್ವಿಚಾರಕರನ್ನಾಗಿ ಇಟ್ಟ ಹಾಗೆ. ಈ ಕೆಲಸ ಒಪ್ಪಿಕೊಂಡ ಮೇಲೆ ಅವರು ತಮ್ಮ ಕ್ಲಬ್ಬಿನ ಊಟದ ಮನೆಗೆ ಹೋದಾಗ ಅಲ್ಲಿದ್ದ ದೊಡ್ಡ ಮನುಷ್ಯರು ಛೀಮಾರಿ ಹಾಕಿದರಂತೆ.

ಇನ್ನೊಂದು ವಿಷಯ. ಇದನ್ನು ಟಿವಿ ಇತಿಹಾಸ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ನನಗೆ ಮಾತ್ರ ಇದು ಮುಖ್ಯ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ ಆಹಾರದ ರೇಷನ್ ಮುಗಿದದ್ದು 1954ರ ಜುಲೈನಲ್ಲಿ. ಯುದ್ಧ ಮುಗಿದು ಒಂಬತ್ತು ವರ್ಷ ಆದ ಮೇಲೆ! 1940ರಿಂದ ಹದಿನಾಲ್ಕು ವರ್ಷ ಜನ ಕೂಪನ್ ಹಿಡಿದು ಸಾಲಿನಲ್ಲಿ ನಿಂತಿದ್ದರು. ಬೆಣ್ಣೆಗೆ ಕೂಪನ್, ಸಕ್ಕರೆಗೆ ಕೂಪನ್, ಮಾಂಸಕ್ಕೆ ಕೂಪನ್. ಯುದ್ಧದ ಕಾಲದಲ್ಲಿ ಬೆಣ್ಣೆಯ ಬದಲು ಬಳಸುವ ಮಾರ್ಗರಿನ್ನಿಗೆ ಕಂಪನಿಯ ಹೆಸರೂ ಇರಲಿಲ್ಲ, ಎಲ್ಲ ಒಂದೇ ಸರಕು. ಕೊಟ್ಟಿದ್ದನ್ನು ತೊಗೊಂಡು ಹೋಗಬೇಕು. ಅಂಗಡಿಯಲ್ಲಿ ಆರಿಸಲು ಏನೂ ಇಲ್ಲದ ದೇಶದಲ್ಲಿ ಜಾಹೀರಾತು ಯಾಕೆ ಬೇಕು? ಈಗ ಆರಿಸುವ ಕಾಲ ಬಂದಿತ್ತು. ಕಾಯ್ದೆಯೂ ರೇಷನ್ನಿನ ಕೊನೆಯೂ ಒಂದೇ ಬೇಸಿಗೆಯಲ್ಲಿ ಬಂದವು.

ಸರಿ, ಸಂಜೆಗೆ ಬರೋಣ.

ಹೊಸ ಚಾನೆಲ್ ನೋಡಬೇಕಾದರೆ ಹಳೇ ಸೆಟ್ಟು ಸಾಲದು. ಅದು ಬೇರೆ ತರಂಗದಲ್ಲಿ ಬರುತ್ತಿತ್ತು, ಒಂಬತ್ತನೇ ಚಾನೆಲ್. ಹೊಸ ಸೆಟ್ಟು ತರಬೇಕು, ಇಲ್ಲವೇ ಹಳೆಯದಕ್ಕೆ ಕನ್ವರ್ಟರ್ ಪೆಟ್ಟಿಗೆ ಹಾಕಿಸಬೇಕು. ಜೊತೆಗೆ ಹೊಸ ಏರಿಯಲ್. ಬಿಬಿಸಿಯ ಏರಿಯಲ್ ಇಂಗ್ಲಿಷ್‌ನ ಎಚ್ ಅಕ್ಷರದ ಹಾಗೆ ದೊಡ್ಡದು. ಹೊಸದರಲ್ಲಿ ಸಣ್ಣ ಸಣ್ಣ ಕಡ್ಡಿಗಳು ಬಾಚಣಿಗೆ ಹಲ್ಲಿನಂತೆ. ಮಾಡು ನೋಡಿದರೆ ಸಾಕು, ಈ ಮನೆಯವರು ಜಾಹೀರಾತಿನ ಟಿವಿ ನೋಡುತ್ತಾರೆ ಅಂತ ಬೀದಿಗೆಲ್ಲ ಗೊತ್ತು. ಪ್ರಸಾರ ಕ್ರಾಯ್ಡನ್‌ನ ಗೋಪುರದಿಂದ. ಲಂಡನ್ ಸುತ್ತಮುತ್ತ ಮಾತ್ರ. ಉಳಿದ ಊರುಗಳ ಜನರಿಗೆ ಆ ರಾತ್ರಿ ಏನೂ ಕಾಣಲಿಲ್ಲ. ಬರ್ಮಿಂಗ್‌ಹ್ಯಾಂ ಕಡೆಗೆ ಹೋದದ್ದು 1956ರ ಫೆಬ್ರವರಿಯಲ್ಲಿ.

ಏಳೂಕಾಲು. ಗಿಲ್ಡ್‌ಹಾಲ್. ಲಂಡನ್ ನಗರದ ಹದಿನೈದನೇ ಶತಮಾನದ ಸಭಾಂಗಣ. ಗಂಡಸರು ಕಪ್ಪು ಕೋಟಿನಲ್ಲಿ, ಹೆಂಗಸರು ನೆಲ ಮುಟ್ಟುವ ಗೌನಿನಲ್ಲಿ. ದೊಡ್ಡ ಔತಣ. ಸರ್ ಜಾನ್ ಬಾರ್ಬಿರೊಲ್ಲಿ ತಮ್ಮ ಹ್ಯಾಲೆ ಆರ್ಕೆಸ್ಟ್ರಾದಿಂದ ಇಂಗ್ಲೆಂಡಿನ ಹೆಸರಾಂತ ಶಾಸ್ತ್ರೀಯ ಸಂಗೀತ ರಚನೆಕಾರ ಎಲ್ಗಾರ್‌ನ ಕೃತಿಯೊಂದನ್ನು ನುಡಿಸಿದರು. ಲಂಡನ್ ನಗರದ ಮೇಲೆ ಬರೆದದ್ದೇ ಅದು. ಆಮೇಲೆ ಭಾಷಣ. ಲಾರ್ಡ್ ಮೇಯರ್ ಮಾತಾಡಿದರು. ಪೋಸ್ಟ್‌ಮಾಸ್ಟರ್ ಜನರಲ್, ಅಂದರೆ ಅಂಚೆಯನ್ನೂ ಪ್ರಸಾರವನ್ನೂ ನೋಡಿಕೊಳ್ಳುವ ಮಂತ್ರಿ, ಡಾಕ್ಟರ್ ಚಾರ್ಲ್ಸ್ ಹಿಲ್ ಮಾತಾಡಿದರು. ಇವರು ಯುದ್ಧದ ಕಾಲದಲ್ಲಿ ಬಿಬಿಸಿಯಲ್ಲಿ ರೇಡಿಯೋ ಡಾಕ್ಟರ್ ಅಂತ ಮನೆಮಾತಾಗಿದ್ದವರು. ಆಮೇಲೆ ಕ್ಲಾರ್ಕ್. ವೀಕ್ಷಕ ವಿವರಣೆ ಕೊಟ್ಟವರು ಲೆಸ್ಲಿ ಮಿಚೆಲ್. 1936ರಲ್ಲಿ ಬಿಬಿಸಿ ಟಿವಿ ಶುರು ಆದಾಗ ಅಲ್ಲೂ ಉದ್ಘೋಷಕ ಇದೇ ಮನುಷ್ಯ!

ಒಮ್ಮೆ ಯೋಚಿಸಿ ನೋಡಿ. ಪ್ಲೇಗ್ ಬರುತ್ತದೆ ಅಂತ ಜನ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಬಂದದ್ದು ಎಲ್ಗಾರ್. ಚಿಂಪಾಂಜಿ ಬರುತ್ತದೆ ಅಂದುಕೊಂಡವರಿಗೆ ಸಿಕ್ಕಿದ್ದು ಮೂರು ಜನರ ಭಾಷಣ. ಬಿಬಿಸಿಗಿಂತ ಜಾಸ್ತಿ ಬಿಬಿಸಿ ಆಗಿತ್ತು ಆ ಮುಕ್ಕಾಲು ಗಂಟೆ. ಹೊಸದಾಗಿ ದುಡ್ಡು ಮಾಡಿದವನು ಮದುವೆಮನೆಗೆ ಬಂದಾಗ ಎಲ್ಲರಿಗಿಂತ ದೊಡ್ಡ ಜರಿಯ ಪೇಟ ಸುತ್ತಿಕೊಂಡು ಬರುತ್ತಾನಲ್ಲ, ಹಾಗೆ. ಮೂರು ವರ್ಷ ಬೈಸಿಕೊಂಡವರು, ಪಾಪ, ನಾವೂ ಮರ್ಯಾದಸ್ಥರೇ ಅಂತ ತೋರಿಸಬೇಕಿತ್ತು.

ಎಂಟರ ಸುಮಾರಿಗೆ ದೃಶ್ಯ ಬದಲಾಯಿತು. ವುಡ್ ಗ್ರೀನ್ ಎಂಪೈರ್ ಅನ್ನುವ ಹಳೆಯ ನಾಟಕಶಾಲೆಯಿಂದ ಹಾಡು, ಹಾಸ್ಯ. ಹ್ಯಾರಿ ಸೀಕೊಂಬ್, ಹ್ಯೂಯಿ ಗ್ರೀನ್ ಇಂಥವರು. ಇದರ ನಡುವೆಯೇ, ಗಡಿಯಾರ 8 ಗಂಟೆ 12 ನಿಮಿಷ ತೋರಿಸುವಾಗ, ಅದು ಬಂತು.

(ಇಲ್ಲಿ ಪರದೆಯ ಮೇಲೆ ಆ ಜಾಹೀರಾತನ್ನು ತೋರಿಸಿದೆ. ಲ್ಯಾಪ್‌ಟಾಪಿನ ದನಿ ಬರಲಿಲ್ಲ. ನಾನೇ ಪಕ್ಕದಲ್ಲಿ ನಿಂತು ಹೇಳುತ್ತಾ ಹೋದೆ.)

ನೋಡಿ. ಒಂದು ದೊಡ್ಡ ಮಂಜುಗಡ್ಡೆ. ಅದರೊಳಗೆ ಹೂತುಹೋದ ಟ್ಯೂಬು. ಗಿಬ್ಸ್ ಎಸ್‌ಆರ್ ಟೂತ್‌ಪೇಸ್ಟ್. ಪಕ್ಕದಲ್ಲಿ ನೀರು ಹರಿಯುತ್ತಿದೆ. ಹಿನ್ನೆಲೆಯ ದನಿ ಅಲೆಕ್ಸ್ ಮೆಕಿಂಟೋಶ್ ಅವರದ್ದು. ಮಂಜಿನಷ್ಟು ತಾಜಾ, ಜುಮ್ಮೆನ್ನುವಷ್ಟು ತಾಜಾ ಅಂತ ಹೇಳುತ್ತಾರೆ. ಕೂಗುವುದಿಲ್ಲ, ಕುಣಿಯುವುದಿಲ್ಲ. ವಾರ್ತೆ ಓದುವ ಗಾಂಭೀರ್ಯ. ಆಮೇಲೆ ಒಬ್ಬಳು ಹೆಣ್ಣುಮಗಳು ಹಲ್ಲುಜ್ಜುತ್ತಾಳೆ. ಹಲ್ಲುಜ್ಜುವುದು ಹೇಗೆ ಅಂತ ಪಾಠ ಬೇರೆ. ಮೇಲೆ ಕೆಳಗೆ ಉಜ್ಜಬೇಕು, ವಸಡಿನ ಸುತ್ತ ಉಜ್ಜಬೇಕು. ಶಾಲೆಯ ಆರೋಗ್ಯ ತಪಾಸಣೆಗೆ ಬಂದವರು ಹೇಳುವ ಹಾಗೆ. ಸುಮಾರು ಒಂದು ನಿಮಿಷ. ಮುಗಿಯಿತು.

ಇದೇ ಮೊದಲು ಯಾಕೆ ಬಂತು? ಏನೂ ವಿಶೇಷ ಕಾರಣ ಇಲ್ಲ. ಆ ರಾತ್ರಿಯ ಜಾಹೀರಾತುದಾರರ ನಡುವೆ ಚೀಟಿ ಎತ್ತಿದರು. ಗಿಬ್ಸ್‌ನವರ ಚೀಟಿ ಮೊದಲು ಬಂತು. ಚೀಟಿ ಬೇರೆ ಬಂದಿದ್ದರೆ ನಾನಿವತ್ತು ನಿಮ್ಮ ಮುಂದೆ ಚಾಕೊಲೇಟ್ ಬಗ್ಗೆ ಮಾತಾಡುತ್ತಿದ್ದೆ. ಹಿಂದೆಯೇ ಬಂದದ್ದು ಕ್ಯಾಡ್‌ಬರಿಯವರ ಡ್ರಿಂಕಿಂಗ್ ಚಾಕೊಲೇಟ್. ಆಮೇಲೆ ಮಾರ್ಗರಿನ್. ಹೆಸರಿಲ್ಲದೆ ಕೂಪನ್ನಿಗೆ ಸಿಗುತ್ತಿದ್ದ ಮಾರ್ಗರಿನ್ ಈಗ ಹೆಸರು ಹೇಳಿಕೊಂಡು ಮನೆಯೊಳಗೆ ಬಂದಿತ್ತು.

ಆ ಮಂಜುಗಡ್ಡೆಯನ್ನು ಇನ್ನೊಮ್ಮೆ ನೋಡಿ. ನನಗೆ ಇದು ತುಂಬಾ ಇಷ್ಟ. ಟೂತ್‌ಪೇಸ್ಟಿನಲ್ಲಿ ಮಾರಬೇಕಾದದ್ದು ಏನು? ಬಾಯಲ್ಲಿ ತಣ್ಣಗಾಗುವ ರುಚಿ. ಪರದೆ ಕಪ್ಪು ಬಿಳುಪು, ಹಸಿರು ಪುದೀನ ತೋರಿಸುವಂತಿಲ್ಲ. ಒಂಬತ್ತೋ ಹನ್ನೆರಡೋ ಇಂಚಿನ ಚಿತ್ರ, ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಆದರೆ ಮಂಜುಗಡ್ಡೆ? ಅದಕ್ಕೆ ಬಣ್ಣವೇ ಬೇಡ. ಬೂದು ಪರದೆಯಲ್ಲಿ ಅದು ಇನ್ನೂ ಚೆನ್ನಾಗಿ ಹೊಳೆಯುತ್ತದೆ. ನೋಡಿದರೇ ಹಲ್ಲು ಜುಮ್ ಅನ್ನುತ್ತದೆ. ಆ ರಾತ್ರಿ ಇಷ್ಟೆಲ್ಲ ದೊಡ್ಡವರು ಬಂದರು, ಹಾಡಿದರು, ನುಡಿಸಿದರು. ಟಿವಿ ಅನ್ನುವ ಡಬ್ಬಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ಕೂತು ಲೆಕ್ಕ ಹಾಕಿದವರು ಈ ಪೇಸ್ಟಿನವರು ಮಾತ್ರ ಅಂತ ನನ್ನ ಅಭಿಪ್ರಾಯ. ಗಿಲ್ಡ್‌ಹಾಲ್‌ನ ಸಮಾರಂಭ ಟಿವಿ ಇಲ್ಲದಿದ್ದರೂ ಹಾಗೇ ನಡೆಯುತ್ತಿತ್ತು. ಮಂಜುಗಡ್ಡೆ ಟಿವಿಗಾಗಿಯೇ ಹುಟ್ಟಿದ್ದು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಎಂಟೂ ನಲವತ್ತಕ್ಕೆ ನಾಟಕದ ತುಣುಕುಗಳು. ಆಸ್ಕರ್ ವೈಲ್ಡ್‌ನ ನಾಟಕದಿಂದ ಒಂದು ದೃಶ್ಯ, ಅದರಲ್ಲಿ ಈಡಿತ್ ಇವಾನ್ಸ್ ಮತ್ತು ಜಾನ್ ಗೀಲ್ಗುಡ್. ಅಂದಿನ ರಂಗಭೂಮಿಯಲ್ಲಿ ಇವರಿಗಿಂತ ದೊಡ್ಡ ಹೆಸರು ಇರಲಿಲ್ಲ. ಇಲ್ಲೂ ಅದೇ ಜರಿ ಪೇಟದ ಕಥೆ. ಪೂರ್ತಿ ನಾಟಕ ಅಲ್ಲ, ತುಣುಕು. ಹೋಟೆಲಿನಲ್ಲಿ ರುಚಿ ನೋಡಲು ಒಂದೊಂದು ಚಮಚ ಕೊಟ್ಟ ಹಾಗೆ. ಒಂಬತ್ತೂ ಹತ್ತಕ್ಕೆ ಶೋರ್‌ಡಿಚ್‌ನಿಂದ ಬಾಕ್ಸಿಂಗ್, ಟೆರೆನ್ಸ್ ಮರ್ಫಿಗೂ ಲೂ ಲಜಾರ್‌ಗೂ. ಗೌನು ಕೋಟುಗಳ ಸಂಜೆಯಲ್ಲಿ ಬೆವರು ಕಂಡದ್ದು ಇಲ್ಲಿ ಮಾತ್ರ.

ಹತ್ತು ಗಂಟೆಗೆ ವಾರ್ತೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಬಿಸಿಯಲ್ಲಿ ಅಲ್ಲಿಯವರೆಗೆ ವಾರ್ತೆ ಓದುವವರ ಮುಖ ತೋರಿಸುತ್ತಿರಲಿಲ್ಲ. ಫೋಟೋ, ನಕ್ಷೆ, ಹಿಂದಿನಿಂದ ಒಂದು ದನಿ. ಮುಖ ಕಂಡರೆ ಹುಬ್ಬು ಏರಿಳಿಯುತ್ತದೆ, ಓದುವವರ ಅಭಿಪ್ರಾಯ ಸುದ್ದಿಗೆ ಅಂಟಿಕೊಳ್ಳುತ್ತದೆ ಅನ್ನುವ ಭಯ. ಕೊನೆಗೆ 1955ರ ಸೆಪ್ಟೆಂಬರ್ 4ಕ್ಕೆ ಕೆನೆತ್ ಕೆಂಡಲ್ ಅವರ ಮುಖ ತೋರಿಸಿದರು. ಐಟಿವಿ ಶುರು ಆಗಲು ಇನ್ನು ಹದಿನೆಂಟೇ ದಿನ ಇತ್ತು. ಎದುರುಗಡೆ ಹೊಸ ಅಂಗಡಿ ತೆರೆಯುತ್ತಾರೆ ಅಂದಾಗ ಹಳೇ ಅಂಗಡಿಯವರು ರಾತ್ರೋರಾತ್ರಿ ಸುಣ್ಣಬಣ್ಣ ಮಾಡಿಸುತ್ತಾರಲ್ಲ?

ಐಟಿವಿಯ ವಾರ್ತೆಗೆ ಕೂತವರು ಕ್ರಿಸ್ಟೋಫರ್ ಚಾಟವೇ. ವಯಸ್ಸು ಇಪ್ಪತ್ನಾಲ್ಕು. ಪತ್ರಕರ್ತರಲ್ಲ, ಓಟಗಾರರು! 1954ರ ಮೇ 6ಕ್ಕೆ ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿದಾಗ, ಮುಂದೆ ಓಡಿ ವೇಗ ಕೊಟ್ಟ ಇಬ್ಬರಲ್ಲಿ ಇವರೊಬ್ಬರು. ಅದೇ ವರ್ಷ 5000 ಮೀಟರಿನಲ್ಲಿ ವಿಶ್ವದಾಖಲೆ. ಬಿಬಿಸಿಯಲ್ಲಿ ಸುದ್ದಿಯನ್ನು ಸಂಸ್ಥೆ ಓದುತ್ತಿತ್ತು. ಇಲ್ಲಿ ಒಬ್ಬ ಮನುಷ್ಯ ಓದಿದ, ಜನರಿಗೆ ಮೊದಲೇ ಗೊತ್ತಿದ್ದ ಮನುಷ್ಯ. ಇವತ್ತು ನಮ್ಮ ಚಾನೆಲ್‌ಗಳಲ್ಲಿ ವಾರ್ತೆಗಿಂತ ವಾರ್ತೆಯವರೇ ದೊಡ್ಡವರಾಗಿ ಕೂತಿದ್ದಾರೆ. ಆ ಬಳ್ಳಿಯ ಬೇರು ಇಲ್ಲೆಲ್ಲೋ ಇದೆ. ಚಾಟವೇ ಮೇಲೆ ತಪ್ಪು ಹೊರಿಸುತ್ತಿಲ್ಲ, ಅವರು ತಣ್ಣಗೆ ಓದುತ್ತಿದ್ದರು.

ಹತ್ತೂಕಾಲಕ್ಕೆ ಮೇಫೇರ್ ಹೋಟೆಲಿನ ಪಾರ್ಟಿಯಿಂದ ನೇರಪ್ರಸಾರ. ಬೇರೆಯವರ ಪಾರ್ಟಿಯನ್ನು ಮನೆಯಲ್ಲಿ ಕೂತು ನೋಡುವುದಕ್ಕಿಂತ ಬೇಜಾರಿನ ಕೆಲಸ ಇನ್ನೊಂದಿಲ್ಲ, ಅದನ್ನು ಬಿಟ್ಟುಬಿಡೋಣ. ಆಮೇಲೆ ಸ್ವಲ್ಪ ಹಾಡು ಕುಣಿತ, ಮುಂದಿನ ಕಾರ್ಯಕ್ರಮಗಳ ಪರಿಚಯ. ಕೊನೆಗೆ ಒಂದು ಪುಟ್ಟ ಧಾರ್ಮಿಕ ಚಿಂತನೆ. ಹೌದು, ಜಾಹೀರಾತಿನ ಚಾನೆಲ್ ದೇವರ ಮಾತಿನೊಂದಿಗೆ ಮುಗಿಯಿತು. ಸ್ವಿಚ್ ಆಫ್ ಮಾಡಿದರೆ ಪರದೆಯ ಚಿತ್ರ ಸರ್ರನೆ ಕುಗ್ಗಿ, ನಡುವೆ ಒಂದು ಬಿಳಿ ಚುಕ್ಕೆಯಾಗಿ, ಸ್ವಲ್ಪ ಹೊತ್ತು ಉರಿದು ಆರಿಹೋಗುತ್ತಿತ್ತು. ನಮ್ಮ ಹಳೇ ಟಿವಿಗಳಲ್ಲೂ ಆ ಚುಕ್ಕೆ ಇತ್ತು. ಚಿಕ್ಕಂದಿನಲ್ಲಿ ಅದಕ್ಕೆ ಬೆರಳು ಇಟ್ಟು ಅಮ್ಮನ ಹತ್ತಿರ ಬೈಸಿಕೊಂಡಿದ್ದೇನೆ.

ಮಾರನೇ ದಿನ ವಿಮರ್ಶಕರು ಏನಂದರು? ಮ್ಯಾಂಚೆಸ್ಟರ್ ಗಾರ್ಡಿಯನ್‌ಗೆ ಬರೆದವರು ಬರ್ನಾರ್ಡ್ ಲೆವಿನ್. ಅವರು ಬರೆದದ್ದರ ಸಾರ ಹೀಗೆ: ಇದನ್ನು ನೋಡಿ ನಾನು ಕೆಟ್ಟೂ ಹೋಗಲಿಲ್ಲ, ಉದ್ಧಾರವೂ ಆಗಲಿಲ್ಲ. ಜಾಹೀರಾತು ಯಾರಿಗೂ ನೋವು ಮಾಡುವಂಥದ್ದಲ್ಲ. ಆ ಟೂತ್‌ಪೇಸ್ಟಿನ ಹೆಸರು ನನಗಾಗಲೇ ಮರೆತುಹೋಗಿದೆ.

ಲೆವಿನ್ ಅವರಿಗೆ ಮರೆತುಹೋಯಿತು. ಪ್ರಪಂಚಕ್ಕೆ ಅದೊಂದೇ ನೆನಪಿರುವುದು. ಆ ಕಾಲದ ನೇರಪ್ರಸಾರದಲ್ಲಿ ಬಹುಪಾಲು ಹಾಗೇ ಗಾಳಿಗೆ ಹೋಯಿತು. ಜಾಹೀರಾತು ಮಾತ್ರ ಫಿಲ್ಮಿನ ಮೇಲೆ ತೆಗೆದದ್ದು, ಡಬ್ಬದಲ್ಲಿ ಭದ್ರವಾಗಿ ಉಳಿಯಿತು. ಅದಕ್ಕೇ ಇವತ್ತು ನಿಮಗೆ ತೋರಿಸಲು ಆದದ್ದು.

(ಇಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿದರು. "ಅಲ್ಲಮ್ಮಾ, ಹಾಗಾದ್ರೆ ರೀತ್ ಹೇಳಿದ್ದು ಸುಳ್ಳಾಯ್ತಲ್ಲ? ಚಾನೆಲ್‌ನೋರು ಮರ್ಯಾದಸ್ಥರೇ ಆಗಿದ್ರಲ್ಲ?" ಅಂತ ಕೇಳಿದರು.)

ಒಳ್ಳೇ ಪ್ರಶ್ನೆ ಸಾರ್. ಆ ರಾತ್ರಿಯ ಮಟ್ಟಿಗೆ ಸುಳ್ಳಾಯಿತು. ಆದರೆ ಮಾರನೇ ದಿನ ಏನಾಯಿತು ಕೇಳಿ. 23ನೇ ತಾರೀಕೇ ಒಂದು ಬಹುಮಾನದ ಆಟ ಶುರು. 26ಕ್ಕೆ ಹ್ಯೂಯಿ ಗ್ರೀನ್ ನಡೆಸುವ ಇನ್ನೊಂದು ಆಟ. ಪ್ರಶ್ನೆಗೆ ಉತ್ತರ ಹೇಳಿ, ದುಡ್ಡು ಎಣಿಸಿಕೊಂಡು ಹೋಗಿ. ನಡುವೆ ಭಾನುವಾರ 25ಕ್ಕೆ ಲಂಡನ್ ಪೆಲೇಡಿಯಂ ರಂಗಮಂದಿರದಿಂದ ಹಾಡು ಹಾಸ್ಯದ ದೊಡ್ಡ ಕಾರ್ಯಕ್ರಮ. ಜನ ಅದಕ್ಕೆ ಮುಗಿಬಿದ್ದರು. ಮೊದಲ ವರ್ಷ ಐಟಿವಿ ನಡೆಸುವ ಕಂಪನಿಗಳು ವಿಪರೀತ ನಷ್ಟ ಮಾಡಿಕೊಂಡವು. ಆರ್ಕೆಸ್ಟ್ರಾ ಗೀರ್ಕೆಸ್ಟ್ರಾ ಹಿಂದಕ್ಕೆ ಸರಿಯಿತು. 1957ರ ಹೊತ್ತಿಗೆ ಎರಡೂ ಚಾನೆಲ್ ಸಿಗುವ ಮನೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಹೊತ್ತು ಜನ ಐಟಿವಿಯನ್ನೇ ನೋಡುತ್ತಿದ್ದರು. ಸ್ಕಾಟ್ಲೆಂಡಿನ ಚಾನೆಲ್ ನಡೆಸಿದ ರಾಯ್ ಥಾಮ್ಸನ್, ಇದು ನೋಟು ಅಚ್ಚು ಹಾಕಲು ಸಿಕ್ಕ ಲೈಸೆನ್ಸ್ ಅಂತ ಬಾಯಿಬಿಟ್ಟೇ ಹೇಳಿದರು. ಜರಿ ಪೇಟ ಒಂದು ರಾತ್ರಿಗೆ ಮಾತ್ರ ಬಾಡಿಗೆಗೆ ತಂದದ್ದು ಸಾರ್. ಆದರೆ ಪ್ಲೇಗ್ ಅನ್ನುವುದಕ್ಕೂ ನಾನು ಒಪ್ಪುವುದಿಲ್ಲ. ಹದಿನಾಲ್ಕು ವರ್ಷ ಕೂಪನ್ ಹಿಡಿದು ನಿಂತವರು ಸಂಜೆ ಹೊತ್ತು ಸುಮ್ನೆ ನಗಬೇಕು ಅಂದರೆ ಅದರಲ್ಲಿ ತಪ್ಪೇನು?

ಈಗ ನಾನು ಬೇಕಂತಲೇ ಬಚ್ಚಿಟ್ಟ ಒಂದು ವಿಷಯ ಹೇಳುತ್ತೇನೆ. ಆ ಸಂಜೆ ಇಡೀ ಬ್ರಿಟನ್ ಮಾತಾಡಿಕೊಂಡದ್ದು ಟೂತ್‌ಪೇಸ್ಟಿನ ಬಗ್ಗೆ ಅಲ್ಲ. ಒಂದು ಸಾವಿನ ಬಗ್ಗೆ.

ಆರರಿಂದ ಏಳು ಟಿವಿ ಬಂದ್ ಅಂದೆನಲ್ಲ, ಆ ಹೊತ್ತಿಗೆ ಜನ ಏನು ಮಾಡುತ್ತಿದ್ದರು? ರೇಡಿಯೋ ಹಾಕುತ್ತಿದ್ದರು. ಬಿಬಿಸಿಯ ಮನರಂಜನೆಯ ರೇಡಿಯೋ ಚಾನೆಲ್ ಲೈಟ್ ಪ್ರೋಗ್ರಾಂನಲ್ಲಿ ಆರೂ ಮುಕ್ಕಾಲಿಗೆ ದಿ ಆರ್ಚರ್ಸ್ ಬರುತ್ತಿತ್ತು. ಆ್ಯಂಬ್ರಿಡ್ಜ್ ಅನ್ನುವ ಕಾಲ್ಪನಿಕ ಹಳ್ಳಿಯ ರೈತ ಮನೆತನದ ಧಾರಾವಾಹಿ. 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರ. ಮೊದಲ ಉದ್ದೇಶ ರೈತರಿಗೆ ಬೇಸಾಯದ ಮಾಹಿತಿ ಕೊಡುವುದು. ನಮ್ಮ ಆಕಾಶವಾಣಿಯ ಕೃಷಿರಂಗಕ್ಕೆ ಒಂದು ಸಂಸಾರದ ಕಥೆ ಹೆಣೆದ ಹಾಗೆ ಅಂದುಕೊಳ್ಳಿ. ಆ ಮನೆಯ ಮಗ ಫಿಲ್‌ಗೂ ಗ್ರೇಸ್‌ಗೂ ಅದೇ ವರ್ಷದ ಈಸ್ಟರ್‌ನಲ್ಲಿ ಮದುವೆ ಆಗಿತ್ತು. ಹೊಸ ಮದುಮಗಳು. ಕೇಳುಗರಿಗೆ ಅಚ್ಚುಮೆಚ್ಚು.

ಸೆಪ್ಟೆಂಬರ್ 22ರ ಸಂಜೆ, ಐಟಿವಿ ಶುರು ಆಗಲು ಅರ್ಧ ಗಂಟೆ ಇರುವಾಗ, ಕುದುರೆ ಲಾಯಕ್ಕೆ ಬೆಂಕಿ ಬಿತ್ತು. ಒಳಗೆ ಮಿಡ್‌ನೈಟ್ ಅನ್ನುವ ಕುದುರೆ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಲು ಗ್ರೇಸ್ ಉರಿಯುವ ಲಾಯದೊಳಗೆ ಓಡಿದಳು. ಏಳು ಗಂಟೆಗೆ ಕಂತು ಮುಗಿಯುವಾಗ ಗ್ರೇಸ್ ಇರಲಿಲ್ಲ. ಆಸ್ಪತ್ರೆಯ ದಾರಿಯಲ್ಲಿ ಫಿಲ್‌ನ ತೋಳಿನಲ್ಲಿ ಸತ್ತುಹೋದಳು.

ಕೇಳಿದವರು ಸುಮಾರು ಎರಡು ಕೋಟಿ ಜನ ಅಂತ ಅಂದಾಜು. ಬಿಬಿಸಿಯ ಫೋನುಗಳು ಬಿಡುವಿಲ್ಲದೆ ಬಡಿದುಕೊಂಡವು. ಇಲ್ಲದ ಹುಡುಗಿಗೆ ಜನ ಹೂ ಕಳಿಸಿದರು. ಮಾರನೇ ದಿನದ ಪತ್ರಿಕೆಯ ಮುಖಪುಟದಲ್ಲಿ ಹೊಸ ಚಾನೆಲ್ ಪಕ್ಕದಲ್ಲೇ ಗ್ರೇಸ್ ಆರ್ಚರ್ ಕೂಡ ಬಂದು ಕೂತಳು.

ಇದು ಆಕಸ್ಮಿಕವೇ? ಲೈಟ್ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದ ರೂನಿ ಪೆಲ್ಟಿಯರ್ ತಿಂಗಳುಗಳ ಮೊದಲೇ ಬರೆದಿಟ್ಟ ಒಂದು ಟಿಪ್ಪಣಿ ಆಮೇಲೆ ಹೊರಬಂತು. ಲಂಡನ್‌ನಲ್ಲಿ ಜಾಹೀರಾತಿನ ಟಿವಿ ಶುರು ಆಗುವ ಹೊತ್ತಿಗೇ, ಅದರ ಮೇಲಿನ ಜನರ ಆಸಕ್ತಿ ಕಮ್ಮಿ ಆಗುವ ಹಾಗೆ, ಆರ್ಚರ್ಸ್‌ನಲ್ಲಿ ಒಂದು ಭೀಕರ ಸಾವು ತರುವುದು ಒಳ್ಳೆಯ ಉಪಾಯ ಅಂತ ಅದರಲ್ಲಿ ಬರೆದಿದ್ದರು. ನೋಡಿದಿರಾ? ಸಂತೆಯವರು ಎಲ್ಗಾರ್ ನುಡಿಸುತ್ತಿದ್ದಾರೆ. ಮರ್ಯಾದಸ್ಥರು ಗಿರಾಕಿ ತಪ್ಪದಿರಲಿ ಅಂತ ಮನೆಯ ಸೊಸೆಗೇ ಬೆಂಕಿ ಹಚ್ಚುತ್ತಿದ್ದಾರೆ. ಇದಕ್ಕೇ ನಾನು ಈ ಸಂಜೆ ಆರಿಸಿಕೊಂಡದ್ದು.

ಗ್ರೇಸ್‌ಗೆ ದನಿ ಕೊಟ್ಟ ಕಲಾವಿದೆ ಇಸಾನ್ ಚರ್ಚ್‌ಮನ್. ಬೇರೆ ಪಾತ್ರ ಬಿಟ್ಟು ಇವರದ್ದನ್ನೇ ಯಾಕೆ ಆರಿಸಿದರು ಅನ್ನುವುದಕ್ಕೂ ಒಂದು ಕಥೆ ಇದೆ. ಆರ್ಚರ್ಸ್ ಸೃಷ್ಟಿಸಿದ ಗಾಡ್‌ಫ್ರಿ ಬೇಸ್ಲಿಯವರಿಗೆ ಇವರ ಮೇಲೆ ಸಿಟ್ಟು ಇತ್ತಂತೆ. ಜೊತೆಯ ಕಲಾವಿದರಿಗೆ ಯೂನಿಯನ್ ಸೇರಿ ಅಂತ ಹೇಳುತ್ತಿದ್ದರು ಅನ್ನುವ ಕಾರಣಕ್ಕೆ. ಈ ಮಾತು ಹೊರಗೆ ಬಂದದ್ದು ನಾಲ್ಕು ದಶಕ ಕಳೆದ ಮೇಲೆ. ಅಂದರೆ ಎದುರಾಳಿಗೆ ಒಂದು ಏಟು, ಮನೆಯೊಳಗಿನ ತಂಟೆಗೆ ಒಂದು ಏಟು, ಎರಡೂ ಒಂದೇ ಬೆಂಕಿಯಲ್ಲಿ.

ಚರ್ಚ್‌ಮನ್ ಮಾತ್ರ ಇದನ್ನು ತಮಾಷೆಯಾಗಿಯೇ ತೆಗೆದುಕೊಂಡರು ಅನ್ನಿಸುತ್ತದೆ. 2005ರಲ್ಲಿ ಐಟಿವಿಗೆ ಐವತ್ತು ವರ್ಷ ತುಂಬಿತು. ಆಗ ಅವರಿಂದ ಚಾನೆಲ್‌ಗೆ ಒಂದು ಅಭಿನಂದನೆಯ ಕಾರ್ಡ್ ಹೋಯಿತು. ಕೆಳಗೆ ಸಹಿ: ಗ್ರೇಸ್ ಆರ್ಚರ್.